ಮಹ್ದಿಯಾದ ವ್ಯಾಪಾರಿ, ಮಂಗಳೂರಿನ ಬೊಮ್ಮ

(ಚಿಗಟೇರಿಯಲ್ಲಿ ಊರಿನ ಹಿರಿಯರು ಹಾಗೂ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಇದು ನಾರದಮುನಿ ನೆಲೆಸಿದ ಊರು. ಮೂರು ಲೋಕ ಸುತ್ತಿ, ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಮುಟ್ಟಿಸುವವನು ಆತ. ಪತ್ರಿಕೆಯವರಾದ ನಮಗೆ ಆತನೇ ಮೂಲಪುರುಷನೆಂದು ತಮಾಷೆಗೆ ಹೇಳಿಕೊಳ್ಳುವುದುಂಟು. ಆದ್ದರಿಂದ ಸಮುದ್ರವೇ ಕಾಣದ ಈ ಬಯಲುಸೀಮೆಯಲ್ಲಿ ನಿಂತು ದೂರದ ಎರಡು ಕಡಲತೀರದ ಪಟ್ಟಣಗಳ ಸುದ್ದಿ ಹೇಳಿದರೆ ತಾವು ಬೇಸರಪಡಲಾರಿರಿ ಎಂದುಕೊಂಡಿದ್ದೇನೆ.

ಒಂದು ಪಟ್ಟಣ ನಿಮಗೆಲ್ಲ ಗೊತ್ತಿರುವ ಮಂಗಳೂರು. ಇನ್ನೊಂದರ ಹೆಸರು ಮಹ್ದಿಯಾ. ಅದು ಇರುವುದು ಆಫ್ರಿಕಾ ಖಂಡದ ಉತ್ತರ ಅಂಚಿನಲ್ಲಿ, ಟ್ಯುನೀಸಿಯಾ ದೇಶದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ಮೇಲೆ. ಈ ಎರಡು ಊರುಗಳ ನಡುವೆ ಒಂದು ಮರಳುಗಾಡು, ಎರಡು ಸಮುದ್ರಗಳು, ಹತ್ತಾರು ರಾಜ್ಯಗಳಿವೆ. ಹಾಗಿದ್ದೂ ಸುಮಾರು 900 ವರ್ಷಗಳ ಹಿಂದೆ ಮಹ್ದಿಯಾದಲ್ಲಿ ಹುಟ್ಟಿದ ಒಬ್ಬ ವ್ಯಾಪಾರಿ ಮಂಗಳೂರಿಗೆ ಬಂದು 17 ವರ್ಷ ಬದುಕಿದ. ಅವನ ಕೈಕೆಳಗೆ ದುಡಿದ ನಮ್ಮ ನಾಡಿನ ಒಬ್ಬ ಆಳಿನ ಹೆಸರು ಕೂಡ ಇಂದು ನಮಗೆ ಗೊತ್ತಾಗಿದೆ. ರಾಜನಲ್ಲದ, ದಂಡನಾಯಕನಲ್ಲದ, ಕವಿಯಲ್ಲದ ಒಬ್ಬ ಆಳಿನ ಹೆಸರು ಇಷ್ಟು ಕಾಲ ಉಳಿದದ್ದು ಹೇಗೆ? ನಾನು ಇವತ್ತು ಹೇಳಬೇಕಾದದ್ದು ಇದನ್ನೇ.

ಬಂಡೆಯಲ್ಲಿ ಕೊರೆದ ಬಂದರು

ಮಹ್ದಿಯಾವನ್ನು ನಾನು ಚಿತ್ರಗಳಲ್ಲಿ ಮಾತ್ರ ಕಂಡಿದ್ದೇನೆ. ಸಮುದ್ರದೊಳಕ್ಕೆ ನಾಲಿಗೆಯಂತೆ ಚಾಚಿಕೊಂಡ ನೆಲ. ಮೂರು ಕಡೆ ನೀರು. ಒಂದು ಕಡೆಯಿಂದ ಮಾತ್ರ ಭೂಮಿಯ ದಾರಿ. ಶತ್ರುಗಳನ್ನು ತಡೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಫಾತಿಮಿ ವಂಶದ ಮೊದಲ ಖಲೀಫ ಉಬೈದುಲ್ಲಾ ಅಲ್-ಮಹ್ದಿ ಕ್ರಿ.ಶ. 916ರಲ್ಲಿ ಇಲ್ಲಿ ಕೋಟೆಪಟ್ಟಣ ಕಟ್ಟಿಸಲು ತೊಡಗಿದ. 921ರ ಹೊತ್ತಿಗೆ ಅದು ರಾಜಧಾನಿಯಾಯಿತು. ಊರಿಗೆ ಅವನ ಹೆಸರೇ ಉಳಿಯಿತು. ಮುಂದೆ 969ರಲ್ಲಿ ಈಜಿಪ್ಟನ್ನು ಗೆದ್ದು ಕೈರೋ ನಗರ ಕಟ್ಟಿದವರೂ ಇದೇ ವಂಶದವರು.

ಭೂಮಿಯ ಕಡೆಯಿಂದ ಊರು ಹೊಗುವ ಹಳೆಯ ಹೆಬ್ಬಾಗಿಲು ಇಂದಿಗೂ ಇದೆ. ಅದರ ಹೆಸರು ಸ್ಕಿಫಾ ಅಲ್-ಕಹ್ಲಾ. ಕತ್ತಲ ಹಾದಿ ಎಂದು ಅರ್ಥ ಹೇಳಬಹುದು. ಅಷ್ಟು ಉದ್ದವಾದ, ಬೆಳಕು ಕಡಿಮೆಯಾದ ಬಾಗಿಲು ಅದು. ಬಂಡೆಯನ್ನು ಕೊರೆದು ಮಾಡಿದ ಫಾತಿಮಿಗಳ ಬಂದರಿನ ಕೊಳವನ್ನೂ ನೋಡಬಹುದು. ಆ ಊರಿನ ಸಮುದ್ರದ ಹಳಮೆ ಇದಕ್ಕೂ ಹಿಂದಕ್ಕೆ ಹೋಗುತ್ತದೆ. 1907ರಲ್ಲಿ ಸ್ಪಂಜು ತೆಗೆಯಲು ಮುಳುಗಿದವರಿಗೆ ಕಡಲ ತಳದಲ್ಲಿ ಒಂದು ಮುಳುಗಿದ ಹಡಗು ಸಿಕ್ಕಿತು. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಸಿನ ಅಮೃತಶಿಲೆಯ ಕಂಬಗಳನ್ನೂ ಕಂಚಿನ ಪ್ರತಿಮೆಗಳನ್ನೂ ಹೊತ್ತು ಹೊರಟಿದ್ದ ಹಡಗು ಅದು. ಅವು ಈಗ ಟ್ಯೂನಿಸ್ ನಗರದ ಬಾರ್ಡೋ ವಸ್ತು ಸಂಗ್ರಹಾಲಯದಲ್ಲಿವೆ.

ಇಂಥ ಊರಿನ ಒಂದು ಯಹೂದಿ ಮನೆತನದಲ್ಲಿ, 1100ರ ಆಸುಪಾಸಿನಲ್ಲಿ, ಅಬ್ರಹಾಂ ಬೆನ್ ಯಿಜು ಹುಟ್ಟಿದ. ತಂದೆ ಧರ್ಮಶಾಸ್ತ್ರ ಬಲ್ಲವನು. ಮಗ ವ್ಯಾಪಾರಕ್ಕೆ ಬಿದ್ದ. ಮೊದಲು ಈಜಿಪ್ಟಿಗೆ ಹೋದ. ಅಲ್ಲಿಂದ ಕೆಂಪು ಸಮುದ್ರದ ಬಾಯಿಯಲ್ಲಿರುವ ಏಡನ್ ಬಂದರಿಗೆ ಬಂದ. ಏಡನ್ನಿನ ದೊಡ್ಡ ವರ್ತಕ ಮದ್ಮೂನ್ ಎಂಬವನ ಆಶ್ರಯ ದೊರೆಯಿತು. ಅಲ್ಲಿಂದ ಹಡಗು ಹತ್ತಿ ಇಳಿದದ್ದು ನಮ್ಮ ಮಂಗಳೂರಿನಲ್ಲಿ. ಅವರ ಕಾಗದಗಳಲ್ಲಿ ಊರಿನ ಹೆಸರು ಮಂಜರೂರ್. 1132ರ ಹೊತ್ತಿಗೆ ಅವನು ಅಲ್ಲಿ ನೆಲೆ ನಿಂತಿದ್ದ.

ಅದು ಯಾವ ಕಾಲವೆಂಬುದನ್ನು ನಮ್ಮ ಲೆಕ್ಕದಲ್ಲಿ ನೋಡೋಣ. ಬಸವಣ್ಣನವರು ಬದುಕಿದ್ದ ಶತಮಾನ ಅದು. ನಿಮ್ಮ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಪಾಂಡ್ಯರು ಆಳುತ್ತಿದ್ದರು. ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಆಗಲೇ ನೂರಕ್ಕೂ ಹೆಚ್ಚು ವರ್ಷ ತುಂಬಿತ್ತು. ಮಂಗಳೂರಿನ ಕಡೆ ಆಳುಪ ಅರಸರಿದ್ದರು.

ಮಂಗಳೂರಿನ ಬಂದರಿನಲ್ಲಿ

ನಾನು ಮಂಗಳೂರಿನ ಹಳೆಯ ಬಂದರು ಪ್ರದೇಶದಲ್ಲಿ ಓಡಾಡಿದ್ದೇನೆ. ಫಲ್ಗುಣಿ, ನೇತ್ರಾವತಿ ಎರಡೂ ನದಿಗಳು ಅಲ್ಲಿ ಕಡಲು ಸೇರುತ್ತವೆ. ನದಿಗೂ ಕಡಲಿಗೂ ನಡುವೆ ಮರಳಿನ ದಿಬ್ಬವಿರುವುದರಿಂದ ಒಳಗಿನ ನೀರು ಶಾಂತ. ಹಾಯಿಹಡಗುಗಳ ಕಾಲದಲ್ಲಿ ಇದೇ ದೊಡ್ಡ ಅನುಕೂಲವಾಗಿತ್ತು. ದೊಡ್ಡ ಹಡಗುಗಳ ಕೆಲಸ ಈಗ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. ಹಳೆಯ ಬಂದರಿನಲ್ಲಿ ಮೀನುಗಾರಿಕೆಯ ದಕ್ಕೆ ಇದೆ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ನಿಲ್ಲುತ್ತವೆ. ಹಿಂದಿನ ಓಣಿಗಳಲ್ಲಿ ಸಗಟು ಅಂಗಡಿಗಳ ಸಾಲು. ಮೆಣಸಿನಕಾಯಿ, ಒಣಮೀನು, ಅಡಿಕೆ ಎಲ್ಲದರ ವಾಸನೆ ಒಟ್ಟಿಗೇ ಬರುತ್ತದೆ.

ಆ ಓಣಿಗಳಲ್ಲಿ ಬೆನ್ ಯಿಜುವಿನ ಮನೆ ಎಲ್ಲಿತ್ತೆಂದು ಹೇಳುವ ಯಾವ ಗುರುತೂ ಇಲ್ಲ. ಆದರೆ ಅವನ ಕಾಲಕ್ಕೂ ಹಿಂದಿನ ಒಂದು ಸಾಕ್ಷಿ ಮಂಗಳೂರಿನಲ್ಲಿಯೇ ಇದೆ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ. ಆಳುಪ ದೊರೆ ಕುಂದವರ್ಮ ಅದನ್ನು ಮಾಡಿಸಿದನೆಂದು ಶಾಸನ ಹೇಳುತ್ತದೆ. ಅದರ ಕಾಲ ಕ್ರಿ.ಶ. 968. ಆ ವಿಗ್ರಹವನ್ನು ನೋಡಿದವರಿಗೆ ಈ ತೀರದಲ್ಲಿ ಲೋಹ ಎರಕ ಹೊಯ್ಯುವ ವಿದ್ಯೆ ಎಷ್ಟು ಪಳಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಬೆನ್ ಯಿಜು ಮಂಗಳೂರಿನಲ್ಲಿ ನಡೆಸಿದ ಉದ್ಯೋಗಗಳಲ್ಲಿ ಒಂದು ಲೋಹದ ಪಾತ್ರೆಗಳ ಕಾರ್ಖಾನೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿ.

ಏಡನ್ನಿನ ವರ್ತಕರು ಒಡೆದ ತಾಮ್ರದ ಚೆಂಬು, ಹರಿವಾಣಗಳನ್ನು ಮೂಟೆ ಕಟ್ಟಿ ಹಡಗಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಇದನ್ನು ಕರಗಿಸಿ ಇಂಥ ಅಳತೆಯ ಹೂಜಿ, ಇಂಥ ಆಕಾರದ ದೀಪದ ಕಂಬ ಮಾಡಿಸಿ ಕಳಿಸು ಎಂದು ವಿವರವಾಗಿ ಬರೆಯುತ್ತಿದ್ದರು. ಹಳೆಯ ಪಾತ್ರೆ ಕೊಟ್ಟು ಹೊಸದು ತರುವ ಪದ್ಧತಿ ನಮ್ಮ ಮನೆಗಳಲ್ಲಿಯೂ ಇತ್ತಲ್ಲ, ಅದೇ ಲೆಕ್ಕ. ಕಂಚುಗಾರರ ಅಂಗಡಿ ಮಾತ್ರ ಸಮುದ್ರದ ಆಚೆಗಿತ್ತು.

ಮಂಗಳೂರಿನಿಂದ ಹೋಗುತ್ತಿದ್ದದ್ದು ಮೆಣಸು, ಶುಂಠಿ, ಏಲಕ್ಕಿ, ಅಡಿಕೆ, ಕಬ್ಬಿಣ. ಅತ್ತಲಿಂದ ಬರುತ್ತಿದ್ದದ್ದು ಹಣ, ಬಟ್ಟೆ, ಜೊತೆಗೆ ಸ್ನೇಹಿತರು ಕೊಡುಗೆಯಾಗಿ ಕಳಿಸುತ್ತಿದ್ದ ಸಕ್ಕರೆ, ದ್ರಾಕ್ಷಿ, ಸಾಬೂನು. ಎಲ್ಲಕ್ಕಿಂತ ಮುಖ್ಯವಾಗಿ ಕಾಗದ. ನಮ್ಮಲ್ಲಿ ಆಗ ಬರೆಯಲು ತಾಳೆಗರಿ. ಕಾಗದಕ್ಕೆ ಅಭ್ಯಾಸವಾದವನಿಗೆ ಅದು ಸಾಲದು. ಹೀಗಾಗಿ ಬಂದ ಪತ್ರದ ಹಿಂಬದಿಯಲ್ಲಿಯೂ ಖಾಲಿ ಜಾಗ ಬಿಡದೆ ಬೆನ್ ಯಿಜು ಲೆಕ್ಕ ಗೀಚುತ್ತಿದ್ದ. ಅವನ ಈ ಜಿಪುಣತನದಿಂದ ನಮಗೆ ಬಹಳ ಉಪಕಾರವಾಗಿದೆ.

ವ್ಯಾಪಾರದ ಜೊತೆಗಾರರು ಯಾರ್ಯಾರು? ಯಹೂದಿಗಳು, ಮುಸಲ್ಮಾನರು, ಗುಜರಾತಿನ ಬನಿಯಾಗಳು, ನಮ್ಮ ಕರಾವಳಿಯವರು. ಈ ಪತ್ರಗಳಲ್ಲಿ ಹಡಗಿನ ಒಡೆಯನೊಬ್ಬನ ಹೆಸರು ‘ಫತನ್‌ಸ್ವಾಮಿ’ ಎಂದು ಬರುತ್ತದೆ. ಕನ್ನಡ ಬಲ್ಲವರಿಗೆ ಇದು ಬಿಡಿಸಲಾಗದ ಒಗಟೇನಲ್ಲ. ಇದು ಪಟ್ಟಣಸ್ವಾಮಿ. ವರ್ತಕರ ಪಟ್ಟಣದ ಮುಖ್ಯಸ್ಥನಿಗೆ ನಮ್ಮ ಶಾಸನಗಳಲ್ಲಿ ಇರುವ ಬಿರುದು. ಹೊಂಬುಜದಲ್ಲಿ 11ನೆಯ ಶತಮಾನದಲ್ಲಿ ಬಸದಿ ಕಟ್ಟಿಸಿದ ನೊಕ್ಕಯ್ಯ ಸೆಟ್ಟಿ ಕೂಡ ಪಟ್ಟಣಸ್ವಾಮಿಯೇ.

ಏಲಕ್ಕಿಗೆ ಮುಂಗಡ ಪಡೆದು ಮಾಲು ಕೊಡದೆ ಸತಾಯಿಸಿದ ಒಬ್ಬ ಸ್ಥಳೀಯನ ಪ್ರಸಂಗವೂ ಇದೆ. ಅವನಿಗೆ ಬಹಿಷ್ಕಾರದ ಬೆದರಿಕೆಯನ್ನಾದರೂ ಹಾಕಿ ನೋಡು ಎಂದು ಏಡನ್ನಿನಿಂದ ಸಲಹೆ ಬರುತ್ತದೆ. ಒಂಬೈನೂರು ವರ್ಷಗಳಾದರೂ ಬಾಕಿ ವಸೂಲಿಯ ಕಷ್ಟ ಬದಲಾಗಿಲ್ಲ.

ಎಸೆಯಬಾರದ ಕಾಗದ

ಇಷ್ಟೆಲ್ಲ ವಿವರ ನಮಗೆ ತಿಳಿದದ್ದು ಹೇಗೆ? ಹಳೆಯ ಕೈರೋದ ಭಾಗವಾದ ಫುಸ್ತಾತಿನಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರಿರುವ ಕಾಗದವನ್ನು ಕಸಕ್ಕೆ ಎಸೆಯಬಾರದು ಎಂಬುದು ಅವರ ಸಂಪ್ರದಾಯ. ಅಕ್ಷರ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಭಾವನೆ ಹೊಸದಲ್ಲ. ಹಾಗೆ ಬೇಡವಾದ ಕಾಗದಗಳನ್ನು ಮಂದಿರದ ಒಂದು ಕೋಣೆಗೆ ತುಂಬುತ್ತಿದ್ದರು. ಅಂಥ ಕೋಣೆಯನ್ನು ಗೆನಿಜಾ ಎನ್ನುತ್ತಾರೆ. ಪತ್ರದ ಆರಂಭದಲ್ಲಿ ದೇವರ ಹೆಸರು ಬರೆಯುವುದು ವಾಡಿಕೆಯಾದ್ದರಿಂದ ವ್ಯಾಪಾರದ ಕಾಗದ, ಮದುವೆಯ ಕರಾರು, ಸಾಲದ ಚೀಟಿ, ಸಾಮಾನಿನ ಪಟ್ಟಿ ಎಲ್ಲವೂ ಅಲ್ಲಿ ಸೇರಿದವು. ಒಣಹವೆಯ ಊರು. ಕಾಗದ ಕೊಳೆಯಲಿಲ್ಲ.

1896-97ರಲ್ಲಿ ಸಾಲಮನ್ ಷೆಖ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಅಲ್ಲಿಯೇ ಸುಮಾರು ಎರಡು ಲಕ್ಷ ತುಣುಕುಗಳಿವೆ. ಉಳಿದವು ಬೇರೆ ಬೇರೆ ದೇಶಗಳಿಗೆ ಚದುರಿ ಹೋದವು. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವುದಿಲ್ಲವೇ, ಹಾಗೆ. ಎಸ್.ಡಿ. ಗೊಯ್‌ಟೈನ್ ಎಂಬ ಮಹಾವಿದ್ವಾಂಸರು ದಶಕಗಳ ಕಾಲ ಕುಳಿತು ಈ ಚೂರುಗಳನ್ನು ಓದಿದರು. ಭಾರತದ ವ್ಯಾಪಾರಕ್ಕೆ ಸೇರಿದ ಪತ್ರಗಳನ್ನು ಬೇರ್ಪಡಿಸಿದರು. ಆಗ ಬೆನ್ ಯಿಜುವಿನ ಮಂಗಳೂರು ಬದುಕು ಬೆಳಕಿಗೆ ಬಂತು.

ನಮ್ಮ ಶಿಲಾಶಾಸನಗಳಿಗೂ ಈ ಕಾಗದಗಳಿಗೂ ಒಂದು ವ್ಯತ್ಯಾಸವಿದೆ. ಮುಂದಿನವರು ತಿಳಿಯಲೆಂದೇ ಕಲ್ಲಿನಲ್ಲಿ ಬರೆಸುತ್ತಾರೆ. ಆದ್ದರಿಂದ ಅಲ್ಲಿ ದಾನ, ಧರ್ಮ, ವೀರಮರಣ, ಅರಸನ ಬಿರುದಾವಳಿ ಇರುತ್ತದೆ. ಕೊಳ್ಳಲು ಹೋದ ಏಲಕ್ಕಿ ಕೈಗೆ ಬರಲಿಲ್ಲ ಎಂದು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಯಾರೂ ಓದಲೆಂದು ಉಳಿಸದ ಚೀಟಿಯಲ್ಲಿ ಮಾತ್ರ ದಿನದ ಬದುಕು ಇರುತ್ತದೆ. ಬೊಮ್ಮ ಸಿಕ್ಕಿದ್ದು ಅಂಥ ಚೀಟಿಗಳಲ್ಲಿ.

ಬೊಮ್ಮ ಎಂಬ ಹೆಸರು

ಬೆನ್ ಯಿಜುವಿಗೆ ಬರುತ್ತಿದ್ದ ಪತ್ರಗಳಲ್ಲಿ ಅವನ ಆಳಿನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಸರಕು ತೆಗೆದುಕೊಂಡು ಏಡನ್ನಿಗೆ ಹೋಗುವವನು, ಅಲ್ಲಿ ಹಣ ಪಡೆದು ತರುವವನು ಅವನೇ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಪೂರ್ತಿ ಬರೆಯುವುದಿಲ್ಲ. ಬ, ಮ ಎಂಬ ಎರಡು ವ್ಯಂಜನಗಳು ಕಾಣುತ್ತವೆ. ಅದನ್ನು ‘ಬಾಮಾ’ ಎಂದು ಓದಲಾಗಿತ್ತು. ಬ್ರಹ್ಮ ಎಂಬುದರ ರೂಪವಿರಬೇಕೆಂಬ ಊಹೆಯೂ ಇತ್ತು.

ಲೇಖಕ ಅಮಿತಾವ್ ಘೋಷ್ ವಿದ್ಯಾರ್ಥಿಯಾಗಿದ್ದಾಗ ಗೊಯ್‌ಟೈನ್ ಅವರ ಪುಸ್ತಕದಲ್ಲಿ ಈ ಆಳಿನ ಸುಳಿವು ಕಂಡು, ಅದರ ಬೆನ್ನು ಹತ್ತಿ ಈಜಿಪ್ಟಿಗೆ ಹೋದರು. ಅರಬ್ಬಿ ಕಲಿತರು. ಹೀಬ್ರೂ ಲಿಪಿ ಕಲಿತು ಮೂಲ ಪತ್ರಗಳನ್ನೇ ಓದಿದರು. 1990ರಲ್ಲಿ ಮಂಗಳೂರಿಗೆ ಬಂದು ತುಳು ಜಾನಪದದ ವಿದ್ವಾಂಸರಾದ ಪ್ರೊ. ಬಿ.ಎ. ವಿವೇಕ ರೈ ಅವರನ್ನು ಕಂಡರು. ಆ ಮಾತುಕತೆಯಲ್ಲಿ ಈ ಅಕ್ಷರಗಳು ‘ಬೊಮ್ಮ’ ಆದವು. ಇದೇ ವಿವೇಕ ರೈ ಅವರು ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿದ್ದರು. ಘೋಷರ ಪುಸ್ತಕ ‘ಇನ್ ಎನ್ ಆಂಟಿಕ್ ಲ್ಯಾಂಡ್’ 1992ರಲ್ಲಿ ಹೊರಬಂತು.

ನೋಡಿ, ಎಷ್ಟೋ ವರ್ಷ ಪಂಡಿತರ ಮೇಜಿನ ಮೇಲಿದ್ದ ಹೆಸರು ನಮ್ಮವರ ಕಿವಿಗೆ ಬಿದ್ದ ಕೂಡಲೇ ಪರಿಚಯವಾಯಿತು. ಬ್ರಹ್ಮ ಎಂಬುದರ ತದ್ಭವ ಬೊಮ್ಮ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ನಿಮಗಂತೂ ಇದು ಪಕ್ಕದ ತಾಲ್ಲೂಕಿನ ಮಾತು. ಹಗರಿಬೊಮ್ಮನಹಳ್ಳಿಯ ಬೋರ್ಡು ಹಾಕಿಕೊಂಡ ಬಸ್ಸು ನೀವು ನೋಡದ ದಿನವಿಲ್ಲ. ಆ ಬೊಮ್ಮ ಯಾರೋ, ಈ ಬೊಮ್ಮ ಯಾರೋ. ಇಬ್ಬರೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹೆಸರು ಮಾತ್ರ ನಮ್ಮದು.

ಬೊಮ್ಮ ದೇವತಾ ಮನುಷ್ಯನೇನೂ ಆಗಿರಲಿಲ್ಲ. 1135ರ ಸುಮಾರಿಗೆ ಏಡನ್ನಿಗೆ ಹೋದಾಗ ಕುಡಿದು ಖರ್ಚು ಮಾಡಿ, ಮದ್ಮೂನನ ಬಳಿ ಮತ್ತೆ ಮತ್ತೆ ಹಣ ಕೇಳಿದ. ಮದ್ಮೂನ್ ಬೇಸತ್ತು ಬೆನ್ ಯಿಜುವಿಗೆ ದೂರು ಬರೆದ. ಆದರೆ ಮುಂದಿನ ಪತ್ರಗಳ ಧಾಟಿ ಬೇರೆ. ಏಡನ್ನಿನ ವರ್ತಕರು ಕ್ಷೇಮ ಸಮಾಚಾರದ ಸಾಲುಗಳಲ್ಲಿ ಬೊಮ್ಮನಿಗೂ ವಿಶೇಷ ಸಲಾಮು ತಿಳಿಸುತ್ತಾರೆ. ಗೌರವದ ಮಾತು ಬಳಸುತ್ತಾರೆ. ಕೆಲಸದಲ್ಲಿ ಅವನು ನಂಬಿಕೆ ಗಳಿಸಿದ್ದ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಕಾಗದಗಳು ಬೊಮ್ಮನನ್ನು ಕರೆಯುವುದು ಒಡೆಯನ ಗುಲಾಮ ಎಂದು. ಆ ಕಾಲದ ವ್ಯಾಪಾರದಲ್ಲಿ ಗುಲಾಮನೆಂದರೆ ಗುಮಾಸ್ತನೂ, ಪ್ರತಿನಿಧಿಯೂ ಆಗಿರಬಹುದಿತ್ತು. ಅವನಿಗೆ ಸಂಬಳವೂ ಸಿಗುತ್ತಿತ್ತು. ಆದರೂ ಅವನು ಸ್ವತಂತ್ರನಲ್ಲ. ಬೆನ್ ಯಿಜುವಿನ ಮಕ್ಕಳ ತಾಯಿ ಎಂದು ವಿದ್ವಾಂಸರು ಭಾವಿಸುವ ಆಶು ಕೂಡ ದಾಸಿಯಾಗಿದ್ದವಳು. ಅವಳನ್ನು ಬಿಡುಗಡೆ ಮಾಡಿದ ಪತ್ರಕ್ಕೆ ಬೆನ್ ಯಿಜು ಮಂಗಳೂರಿನಲ್ಲಿ ಸಹಿ ಮಾಡಿದ್ದು 1132ರ ಅಕ್ಟೋಬರ್ 17ರಂದು. ಅವಳ ಬಿಡುಗಡೆಯ ದಿನ ನಮಗೆ ಗೊತ್ತು. ಅವಳ ಮನಸ್ಸು ಗೊತ್ತಿಲ್ಲ. ಬೊಮ್ಮನಾಗಲಿ, ಆಶುವಾಗಲಿ ಬರೆದ ಒಂದು ಸಾಲೂ ಉಳಿದಿಲ್ಲ. ಒಡೆಯನ ಲೆಕ್ಕದ ನಡುವೆ ಅವರು ಬಂದು ಹೋಗುತ್ತಾರೆ, ಅಷ್ಟೆ.

ಮರಳಿ ಹೋಗಲಾಗದ ಊರು

ಇತ್ತ ಬೆನ್ ಯಿಜು ಮಂಗಳೂರಿನಲ್ಲಿ ಹಣ ಮಾಡುತ್ತಿದ್ದಾಗ ಅತ್ತ ಅವನ ಹುಟ್ಟೂರಿಗೆ ಕೇಡುಗಾಲ ಬಂದಿತ್ತು. ಆ ಸೀಮೆಯಲ್ಲಿ ವರ್ಷಗಟ್ಟಲೆ ಬರ. 1148ರಲ್ಲಿ ಸಿಸಿಲಿ ದ್ವೀಪದ ನಾರ್ಮನ್ ದೊರೆ ಎರಡನೆಯ ರೋಜರನ ಹಡಗುಪಡೆ ಮಹ್ದಿಯಾವನ್ನು ಹಿಡಿಯಿತು. ಜನ ದಿಕ್ಕಾಪಾಲಾದರು. ಬೆನ್ ಯಿಜುವಿನ ಅಣ್ಣತಮ್ಮಂದಿರು ಊರು ಬಿಟ್ಟು ಸಿಸಿಲಿ ಸೇರಿದರು.

1149ರಲ್ಲಿ ಅವನು ಇಬ್ಬರು ಮಕ್ಕಳನ್ನು ಕರೆದುಕೊಂಡು, ಗಳಿಸಿದ್ದನ್ನು ಕಟ್ಟಿಕೊಂಡು ಏಡನ್ನಿಗೆ ಹಿಂದಿರುಗಿದ. ಆ ವರ್ಷದ ಸೆಪ್ಟೆಂಬರ್ 11ರಂದು ಒಡಹುಟ್ಟಿದವರಿಗೆ ಪತ್ರ ಬರೆದ. ತಾನು ಕ್ಷೇಮವಾಗಿ ಬಂದಿರುವುದಾಗಿಯೂ, ಗಳಿಸಿದ್ದು ಎಲ್ಲರಿಗೂ ಸಾಕಾಗುವಷ್ಟಿದೆಯೆಂದೂ, ಬೇಗ ಬನ್ನಿರೆಂದೂ ಅದರ ತಿರುಳು. ಹೊರಗೆ ಹೋಗಿ ದುಡಿದು ಬಂದವನು ಮನೆಯವರಿಗೆ ಬರೆಯುವ ಪತ್ರ ಎಂದಿಗೂ ಹೀಗೆಯೇ ಇರುತ್ತದೆ. ಆದರೆ ನಂಬಿದ ಒಬ್ಬ ಸಹೋದರನೇ ಹಣ ತೆಗೆದುಕೊಂಡು ಮೋಸ ಮಾಡಿದ. ಕೆಲಕಾಲದಲ್ಲಿ ಮಗನೂ ತೀರಿಕೊಂಡ. ಉಳಿದ ಒಬ್ಬಳೇ ಮಗಳನ್ನು 1156ರಲ್ಲಿ ಫುಸ್ತಾತಿನಲ್ಲಿ ಇನ್ನೊಬ್ಬ ಸಹೋದರನ ಮಗನಿಗೆ ಕೊಟ್ಟು ಮದುವೆ ಮಾಡಲಾಯಿತು. ಆಮೇಲೆ ಬೆನ್ ಯಿಜುವಿನ ಸುದ್ದಿ ಇಲ್ಲ. ಮಹ್ದಿಯಾಕ್ಕೆ ಅವನು ಮರಳಿದ ದಾಖಲೆ ಸಿಕ್ಕಿಲ್ಲ.

ಬೊಮ್ಮ ಏನಾದ? ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಒಂದು ಹರಕು ಹಾಳೆಯಲ್ಲಿ, ಬೆನ್ ಯಿಜು ಈಜಿಪ್ಟಿಗೆ ಬಂದ ಮೇಲೆ ಗೀಚಿದ ಲೆಕ್ಕದಲ್ಲಿ, ಬೊಮ್ಮನಿಗೆ ಕೊಡಬೇಕಾದ ಹಣದ ಉಲ್ಲೇಖವಿದೆ ಎಂದು ಘೋಷ್ ಓದುತ್ತಾರೆ. ಆ ಓದು ಸರಿಯಾದರೆ ನಮ್ಮ ಕರಾವಳಿಯಿಂದ ಹೊರಟ ಬೊಮ್ಮ ನೈಲ್ ನದಿಯ ದಂಡೆಯವರೆಗೂ ಹೋದ. ಆಗಲೂ ಅವನಿಗೆ ಬರಬೇಕಾದ ಬಾಕಿ ಇತ್ತು.

ನಮ್ಮ ಅಟ್ಟದ ಮೇಲೆ

ಈ ಕಥೆಯನ್ನು ಚಿಗಟೇರಿಯಲ್ಲಿ ಹೇಳಲು ಕಾರಣವಿದೆ. ಇತಿಹಾಸವೆಂದರೆ ಹಂಪಿಯಲ್ಲಿರುವುದು, ಉಚ್ಚಂಗಿದುರ್ಗದಲ್ಲಿರುವುದು, ನಮ್ಮ ಮನೆಯಲ್ಲಿ ಏನಿದೆ ಎಂಬ ಮಾತು ಈ ಕಡೆ ಸಾಮಾನ್ಯ. ಆದರೆ ಹಳೆಯ ಮನೆಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಏನಿರುತ್ತದೆ? ಶಾನುಭೋಗರ ಕಡತ, ಕಿರಾಣಿ ಅಂಗಡಿಯ ಖಾತೆ ಪುಸ್ತಕ, ಜೀತಕ್ಕಿಟ್ಟವನ ಕರಾರು, ಮದುವೆಯಲ್ಲಿ ಮುಯ್ಯಿ ಬರೆದ ಪಟ್ಟಿ, ಸೇನೆಗೆ ಹೋದ ಮಗ ಬರೆದ ಕಾರ್ಡು. ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವಾಗ ಇವು ಬಚ್ಚಲ ಒಲೆಗೋ, ತೂಕದ ರದ್ದಿಗೋ ಹೋಗುತ್ತವೆ.

ಸರ್ಕಾರದ ಕಚೇರಿಗಳಲ್ಲಿ ಎಲ್ಲ ಇರುತ್ತದೆಂದು ನಂಬಿ ಕೂರುವಂತಿಲ್ಲ. 1953ರವರೆಗೆ ಈ ಸೀಮೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ದಾವಣಗೆರೆಗೆ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಿಂದ ವಿಜಯನಗರ ಜಿಲ್ಲೆ. ಊರು ಇದ್ದಲ್ಲಿಯೇ ಇದೆ, ಕಾಗದಗಳು ಮಾತ್ರ ಊರಿಂದೂರಿಗೆ ತಿರುಗಿವೆ. ಇನ್ನು 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ಮೇಲೆ ಹಳೆಯ ಲೆಕ್ಕದ ಕಡತಗಳನ್ನು ಕೇಳುವವರೂ ಕಡಿಮೆಯಾದರು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ಮನೆಯಲ್ಲಿ ಹಳೆಯ ಕಾಗದ ಕಂಡರೆ ಒಲೆಗೆ ಹಾಕುವ ಮೊದಲು ಅಜ್ಜನಿಗೋ, ಅಜ್ಜಿಗೋ ಒಮ್ಮೆ ತೋರಿಸಿ, ಇದು ಯಾರದು, ಯಾವ ಕಾಲದ್ದು ಎಂದು ಕೇಳಿ ಬರೆದಿಡಿ. ಮೊಬೈಲಿನಲ್ಲಿ ಸ್ಪಷ್ಟವಾದ ಫೋಟೋ ತೆಗೆಯಿರಿ. ಹರಿದ ಹಾಳೆಗೆ ಗೋಂದು, ಟೇಪು ಅಂಟಿಸಬೇಡಿ. ಹಸಿಯಿಲ್ಲದ ಜಾಗದಲ್ಲಿ ಬಟ್ಟೆ ಸುತ್ತಿಡಿ. ಓದಲು ಬಾರದ ಲಿಪಿ, ಓಲೆಗರಿ ಸಿಕ್ಕರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗವಿದೆ, ದೂರವೇನಲ್ಲ.

ಅದರಲ್ಲಿ ರಾಜರ ಕಥೆ ಸಿಗಲಿಕ್ಕಿಲ್ಲ. ಯಾವುದೋ ಬರಗಾಲದಲ್ಲಿ ಎರಡು ಸೇರು ಜೋಳ ಕಡ ಒಯ್ದವಳ ಹೆಸರು ಸಿಗಬಹುದು. ಎತ್ತು ಮಾರಿ ಕಂದಾಯ ಕಟ್ಟಿದವನ ಹೆಸರು ಸಿಗಬಹುದು. ಅವರ ಹೆಸರು ಬೇರೆ ಯಾವ ಕಲ್ಲಿನಲ್ಲೂ ಇರುವುದಿಲ್ಲ.